ಅಂಟಿನೊಳಗೆ ಬೇರು ಬಿಟ್ಟ ಗಡ್ಡೆ

ಸಮೃದ್ಧಿಯ ಅಜ್ಜನಿಗೆ,

ನಾನು ಹೇರೂರಿನ ಈ ಮನೆಯ ಯಜಮಾನಿ. ನಾನು ಕೊಟ್ಟ ಎಲೆಯಡಕೆಯ ಕವಳ ಹಾಕದೆ ಇಲ್ಲಿಂದ ಯಾರೂ ಎದ್ದು ಹೋದದ್ದಿಲ್ಲ, ನಿಮಗೇ ಗೊತ್ತು.

ನಿನ್ನೆ ಮೊಮ್ಮಗಳು ಸಮೃದ್ಧಿ ತನ್ನ ಪ್ರಯೋಗಾಲಯದ ಚಿತ್ರ ತೋರಿಸಿದಳು. ಹೈಡ್ರೋಜೆಲ್ ಎಂಬ ಅಂಟು, ಅಕ್ಕಿ-ಬೆಲ್ಲದ ಹಾಲುಬಾಯಿ ಸಿಹಿಯ ಹಾಗೆ ನಡುಗುತ್ತದೆ. ಅದರಲ್ಲಿ ಬಾಯಿಯ ಕ್ಯಾನ್ಸರಿನ ಜೀವಕಣ ಬಿತ್ತಿ, ಮೈಯೊಳಗೆ ಬೆಳೆಯುವಂತೆಯೇ ಗಡ್ಡೆ ಬೆಳೆಸಿ ಪರೀಕ್ಷೆ ಮಾಡುತ್ತಾರಂತೆ. ನಿಮ್ಮನ್ನು ತಿಂದದ್ದನ್ನು ಬೆಚ್ಚಗಿಟ್ಟು ಸಾಕುವುದೇ!

"ಇದು ಎಂತ ತಿಂತು, ಕೂಸೇ?" ಎಂದೆ.

"ಇದ್ಕೆ ಬರೀ ಉಪ್ಪು, ಸಕ್ರೆ ನೀರು ಅಮ್ಮಮ್ಮ. ಪಕ್ಕದ್ದಕ್ಕೆ ಅಡಕೆ ರಸ."

ಮೊದಲನೆಯದು ಗುಂಡಗೆ ಸುಮ್ಮನಿತ್ತು. ಪಕ್ಕದ್ದು ಅಂಟಿನ ತುಂಬ ಬೇರು ಬಿಟ್ಟಿತ್ತು, ಅಸಹ್ಯವಾಗಿ.

"ಬೇರೆ ಯಾರ ಮನೆ ಅಡಕೆಯೋ ಆಗಿಕ್ಕು."

"ಅಲ್ದ ಅಮ್ಮಮ್ಮ, ಹೋದ ಸಲ ನೀನೇ ಆರ್ಸಿ ಕೊಟ್ಟಿದ್ದು."

ಕಡೆಗಾಲದಲ್ಲಿ ನಿಮಗೆ ಬಾಯಿ ತೆರೆಯಲು ಬಾರದೆ, ನಾನು ಕವಳವನ್ನು ಕುಟ್ಟಿ ಮೆತ್ತಗೆ ಮಾಡಿ ಕೊಡುತ್ತಿದ್ದ ಕಲ್ಲು ಒಳಗೇ ಇತ್ತು. ಇಂದು ಬೆಳಿಗ್ಗೆ ಅದನ್ನೂ ಕವಳದ ಬಟ್ಟಲನ್ನೂ ಗೊಬ್ಬರಗುಂಡಿಗೆ ಎಸೆದೆ. ಮಧ್ಯಾಹ್ನ ನಿಮ್ಮ ತಿಥಿಯ ಊಟ ಮುಗಿಸಿ ಜಗುಲಿಯಲ್ಲಿ ಕವಳಕ್ಕೆ ಕಾದು ಕುಳಿತ ಪುರೋಹಿತರಿಗೆ ಬೆಲ್ಲದ ತುಂಡು ಕೊಟ್ಟು ಕಳಿಸಿದೆ.