ನಾನು ಬರೆಯದ ಬಾವುಟ

ಬಂದರು ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ವಿಚಾರಣಾ ಕೊಠಡಿಯ ಗೋಡೆಯ ಮೇಲಿರುವ ಚಿತ್ರ ನನ್ನದು. ಅದರಲ್ಲಿ ಎಚ್ಚರಿಕೆಯ ಕಂಬದ ಮೇಲೆ ಹಾರುತ್ತಿರುವ ಕೆಂಪು ಬಾವುಟ ನನ್ನದಲ್ಲ.

ನಾನು ದೋಣಿಗಳಿಗೆ ಬಣ್ಣ ಬಳಿದು ಬದುಕುವವನು. ಬಿಡುವಾದಾಗ ದಡದಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಇಲ್ಲದ್ದನ್ನು ಸೇರಿಸುವಷ್ಟು ಕಲ್ಪನೆಯನ್ನು ದೇವರು ಕೊಟ್ಟಿಲ್ಲ. ಕಳೆದ ವರ್ಷ ಆ ಬೆಳಿಗ್ಗೆಯೂ ಬರೆದೆ: ದೋಣಿ ನೂಕುತ್ತಿದ್ದ ಏಳು ಜನ, ಗಳದ ಮೇಲೆ ಒಣಗುವ ಬಲೆ, ಬುಟ್ಟಿ ಹಿಡಿದು ನಿಂತ ಅತ್ತಿಗೆ, ಹಿಂದೆ ನಿಮ್ಮ ಬೋಳು ಕಂಬ. ಅದರ ಹಗ್ಗ ಹರಿದು ಆಗಲೇ ವಾರವಾಗಿತ್ತು. ಮಧ್ಯಾಹ್ನ ಬಿರುಗಾಳಿ ಎದ್ದಿತು. ಏಳು ಜನರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಚುಕ್ಕಾಣಿ ಹಿಡಿದಿದ್ದವನು ನನ್ನಣ್ಣ.

"ಬಾವುಟ ಏರಿಸಲಾಗಿತ್ತು, ಚುಕ್ಕಾಣಿಗಾರನು ಕಡೆಗಣಿಸಿದನು" ಎಂದಿತು ನಿಮ್ಮ ವರದಿ. ಅಂದಿನಿಂದ ಉಳಿದ ಆರು ಮನೆಯವರು ಅತ್ತಿಗೆಯೊಡನೆ ಮಾತು ಬಿಟ್ಟಿದ್ದಾರೆ. ಅದಕ್ಕೇ ಈ ಚಿತ್ರವನ್ನು ಸಾಕ್ಷಿಯೆಂದು ನಿಮಗೆ ತಂದೊಪ್ಪಿಸಿದೆ. ತಾವು ಮಹಾ ಕಲಾಪ್ರೇಮಿಗಳು. ಧೂಳು ಒರೆಸಿಸಿ, ಚೌಕಟ್ಟು ಹಾಕಿಸಿ, ಜೊತೆಗೊಂದು ಬಾವುಟವನ್ನೂ ಬರೆಸಿದಿರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ?

ಮೊನ್ನೆ ಅತ್ತಿಗೆಯನ್ನು ಕರೆತಂದು ತೋರಿಸಿದೆ. ಬಹಳ ಹೊತ್ತು ನೋಡಿದರು.

"ನನ್ನ ಕೂದಲು, ಆ ಬಲೆ, ಎಲ್ಲಾ ಸಮುದ್ರದ ಕಡೆ ಹಾರ್ತಿದೆ. ಬಾವುಟ ಮಾತ್ರ ಯಾಕೆ ಊರ ಕಡೆ ಹಾರ್ತಿದೆ?"

"ಅದು ಚಿತ್ರ ಕಣಮ್ಮ, ಅಷ್ಟೆಲ್ಲ ನೋಡಬಾರ್ದು" ಎಂದರು ನಿಮ್ಮ ಗುಮಾಸ್ತರು.

"ಅದಕ್ಕೆ ಹಗ್ಗಾನೂ ಇಲ್ಲ" ಎಂದರು ಅತ್ತಿಗೆ, ಮೆಲ್ಲಗೆ.

ಸುಳ್ಳು ಬರೆಸುವುದಕ್ಕಾದರೂ ಗಾಳಿ ಬಲ್ಲವನೊಬ್ಬನನ್ನು ಹುಡುಕಬಾರದಿತ್ತೇ?

ಆ ಬಾವುಟವನ್ನು ಅಳಿಸಿ. ವರದಿಯನ್ನು ತಿದ್ದಿ, ಆರು ಮನೆಯವರೆದುರು ಓದಿಸಿ. ಆದರೆ ಇವೆಲ್ಲ ಆಮೇಲೆ. ನಿನ್ನೆಯಿಂದ ಅದೇ ಗಾಳಿ ಬೀಸುತ್ತಿದೆ. ಹಕ್ಕಿಗಳು ದಡ ಬಿಟ್ಟಿವೆ. ನಿಮ್ಮ ಕಂಬಕ್ಕೆ ಇವತ್ತಿಗೂ ಹಗ್ಗವಿಲ್ಲ. ನಾಳೆ ಹನ್ನೊಂದು ದೋಣಿಗಳು ಹೊರಡುತ್ತವೆ. ಹೊರಡುವ ಮುಂಚೆ ಎಲ್ಲರೂ ಒಮ್ಮೆ ಕಂಬದ ಕಡೆ ನೋಡುತ್ತಾರೆ. ಬೋಳಾಗಿದ್ದರೆ ಭಯವಿಲ್ಲವೆಂದು ನಂಬುತ್ತಾರೆ. ಹೋಗುವುದು ಬೇಡವೆಂದು ನಾನು ಹೇಳಿ ನೋಡಿದೆ. "ನಿಮ್ಮಣ್ಣನ್ನ ನಂಬಿ ಆಯ್ತಲ್ಲ" ಎಂದರು.

ಹಗ್ಗವನ್ನು ನಾನೇ ತರುತ್ತೇನೆ. ಬಾವುಟ ಏರಿಸಲು ಕಂಬದ ಕಟ್ಟೆಯ ಗೇಟಿನ ಬೀಗವನ್ನು ಇಂದೇ ತೆಗೆಸಿ.

ಇಂತಿ,
ನಾಳೆಯೂ ಅಲ್ಲೇ ಕೂತು, ಕಂಡದ್ದನ್ನೇ ಬರೆಯಬೇಕಾಗಿರುವ
ದೋಣಿ ಬಣ್ಣದವನು