ಸರೋವರದ ಮೇಲೆ ಐದು ದಿನ

ಅಕ್ಟೋಬರ್ 9, ಗುರುವಾರ. ಮಧ್ಯಾಹ್ನ 1.20

ಮೊದಲ ಪಾಳಿ ಮುಗಿಯಿತು. ಆರು ಟ್ರಿಪ್. ಐದನೆಯದರಲ್ಲಿ ನೀರಿನ ಟ್ಯಾಂಕಿನ ಸ್ಟಾಪ್ ದಾಟಿ ಮುಂದೆ ಹೋಗಿಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಹಿಂದಿನಿಂದ ಯಾರೋ ಅಜ್ಜಿ ಕೂಗಿದಳು— "ಡ್ರೈವರಮ್ಮಾ, ನಿಮ್ಮ ಮನೆ ಹತ್ರಾನೇ ಇಳಿಸ್ತೀರಾ ನಮ್ಮನ್ನ?" ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ನಿಜ ಏನೆಂದರೆ ಗಾಜಿನಾಚೆ ಒಂದು ಮೋಡ ಕಟ್ಟುತ್ತಿತ್ತು. ತಳ ಚಪ್ಪಟೆ, ತಲೆ ದುಂಡಗೆ. ಅಂಥ ಮೋಡದ ಕೆಳಗೆ ಬಿಸಿಗಾಳಿ ಮೇಲಕ್ಕೇರುತ್ತಿರುತ್ತದೆ. ಮನಸ್ಸು ಸ್ಟೇರಿಂಗ್ ಬಿಟ್ಟು ಅಲ್ಲಿಗೆ ಹೋಗಿ ಸುತ್ತು ಹೊಡೆಯುತ್ತಿತ್ತು.

ರಜೆ ಮಂಜೂರಾಗಿದೆ. ಸೋಮವಾರದಿಂದ ಐದು ದಿನ. ಮನೆಯಲ್ಲಿ ಹೇಳಿದ್ದು— ಡಿಪೋ ತರಬೇತಿ, ಬೇರೆ ಊರಲ್ಲಿ. ಇವರು ನಂಬಿದರು. ಹದಿನೇಳು ವರ್ಷದ ಸಂಸಾರದಲ್ಲಿ ಇಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಹೇಳುವಾಗ ಎಷ್ಟು ಸಲೀಸಾಗಿ ಬಂತು! ನನ್ನ ಮೇಲೆ ನನಗೇ ಅಸಹ್ಯ ಆಯಿತು.

ಅಕ್ಟೋಬರ್ 12, ಭಾನುವಾರ. ಸಂಜೆ

ಅಟ್ಟದಿಂದ ಪ್ಯಾರಾಗ್ಲೈಡರ್ ಇಳಿಸಿದೆ. ಹನ್ನೊಂದು ತಿಂಗಳ ಧೂಳು. ಚೀಲದ ಬಾಯಿ ಬಿಚ್ಚಿದರೆ ಇನ್ನೂ ಹುಲ್ಲಿನ ವಾಸನೆ. ಕಿತ್ತಳೆ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಇವರು ಅಂಗಡಿಯಲ್ಲಿದ್ದರು. ಭಾನುವಾರವೇ ಕನ್ನಡಕಕ್ಕೆ ಜನ ಹೆಚ್ಚು.

ಮೊದಲೆಲ್ಲ ಹಾರುವುದು ನಾನು, ಇಳಿಯುವ ಬಯಲಿನಲ್ಲಿ ಕೂತು ರೇಡಿಯೊದಲ್ಲಿ ಗಾಳಿ ಹೇಳುವುದು ಇವರು. "ಎಡದಿಂದ ಬೀಸ್ತಿದೆ, ನಿಧಾನ ಬಾ." ಎಂಟು ವರ್ಷ ಹಾಗೇ ನಡೆಯಿತು. ಕಳೆದ ನವೆಂಬರಿನಲ್ಲಿ ಗುಡ್ಡದ ಅಂಚಿನಲ್ಲಿ ರೆಕ್ಕೆಯ ಅರ್ಧ ಮುದುಡಿತು. ನಾನು ಎರಡೂ ಕೈಯಲ್ಲಿದ್ದ ಬ್ರೇಕ್ ಹಿಡಿಗಳನ್ನು ಸೊಂಟದವರೆಗೆ ಎಳೆದೆ. ಎಳೆಯಬಾರದಿತ್ತು. ಮರದ ಮೇಲೆ ಬಿದ್ದೆ. ಕಣಕಾಲು, ಬೆನ್ನಿನ ಒಂದು ಮೂಳೆ. ಆಸ್ಪತ್ರೆಯಲ್ಲಿ ಇವರು ಒಂದೇ ಮಾತು ಕೇಳಿದರು, "ಇನ್ನು ಹಾರಲ್ಲ ಅಂತ ಹೇಳು." ಹೇಳಿದೆ.

ನಾಳೆ ನಿಜವಾಗಿ ಹೋಗುತ್ತಿರುವುದು ಹಾರುವವರ ತರಬೇತಿಗೆ. ಅಲ್ಲಿ ಕೈಗಳಿಗೆ ಬುದ್ಧಿ ಬಂದರೆ ಎಲ್ಲ ಒಪ್ಪಿಕೊಂಡು, ಬೈಸಿಕೊಂಡು, ಮತ್ತೆ ಹಾರುವುದು. ಬರದಿದ್ದರೆ ಇದನ್ನು ಮಾರಿ ಬಾಯಿ ಮುಚ್ಚಿಕೊಂಡಿರುವುದು. ಐದೇ ದಿನ. ಹಾಗಂತ ನಿಶ್ಚಯ ಮಾಡಿದ್ದೇನೆ.

ಈಗ ನೋಡಿದರೆ ಮಂಚದ ಮೇಲೆ ಇಸ್ತ್ರಿ ಮಾಡಿದ ಐದು ಯೂನಿಫಾರ್ಮ್ ಶರ್ಟು. ಬೆಳಗ್ಗೆ ಇವರೇ ಮಾಡಿಟ್ಟಿದ್ದು. ತರಬೇತಿಗೆ ಅಂತ. ಮಡಿಕೆ ಕೆಡದ ಹಾಗೆ ಐದನ್ನೂ ಚೀಲಕ್ಕೆ ಹಾಕಿದೆ.

ಅಕ್ಟೋಬರ್ 13, ಸೋಮವಾರ. ಸಂಜೆ 6.30

ಗುಡ್ಡಗಳ ನಡುವೆ ಸರೋವರ. ಅಲುಗಾಡದ ನೀರು. ಮೋಡ ಮೇಲೂ ಇದೆ, ಕೆಳಗೂ ಇದೆ. ದಡದಲ್ಲಿ ತಗಡಿನ ಶೆಡ್ಡು, ಮರದ ಕಟ್ಟೆ, ಒಂದು ಮೋಟಾರು ದೋಣಿ. ದೋಣಿಗೆ ಹಗ್ಗ ಕಟ್ಟಿ ನಮ್ಮನ್ನು ಮೇಲಕ್ಕೆ ಎಳೆಯುತ್ತಾರೆ. ಎತ್ತರ ಸಿಕ್ಕ ಮೇಲೆ ಹಗ್ಗ ಬಿಟ್ಟು, ರೆಕ್ಕೆಯನ್ನು ಬೇಕೆಂದೇ ಕೆಡಿಸಿ, ಸರಿ ಮಾಡಿಕೊಳ್ಳುವುದು. ಆಗದಿದ್ದರೆ ಕೆಳಗೆ ನೀರು.

ಕಲಿಸುವವರು ಅರವತ್ತು ದಾಟಿದ ಮನುಷ್ಯ. ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಕಲಿಯುವವರು ಇಬ್ಬರೇ. ಇನ್ನೊಬ್ಬರು ಹಲ್ಲಿನ ಡಾಕ್ಟರು. ಮಾತಾಡುವಾಗ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾರೆ.

ಇವತ್ತು ಹಾರಾಟ ಇಲ್ಲ. ಶೆಡ್ಡಿನ ತೊಲೆಗೆ ಹಾರ್ನೆಸ್ ನೇತುಹಾಕಿ, ಅದರಲ್ಲಿ ನಮ್ಮನ್ನು ಕೂರಿಸಿ ತೂಗಾಡಿಸಿದರು. ತೊಟ್ಟಿಲಲ್ಲಿ ಕೂತ ಹಾಗಿತ್ತು. "ಈಗ!" ಅಂದ ಕೂಡಲೇ ಪಕ್ಕದ ಚೀಲದಿಂದ ಆಪತ್ತಿಗೆಂದು ಇಟ್ಟ ರಿಸರ್ವ್ ಪ್ಯಾರಾಚೂಟ್ ಕಿತ್ತು ಎಸೆಯಬೇಕು. ಇಪ್ಪತ್ತು ಸಲ ಎಸೆದೆ.

ಮೇಷ್ಟ್ರು ಹೇಳಿದ್ದು, ಮರೆಯದ ಹಾಗೆ: "ರೆಕ್ಕೆ ಗಾಳಿ ಕುಡ್ಕೊಂಡು ಬದುಕೋದು. ಅದು ಮುದುಡಿದಾಗ ನೀವು ಬ್ರೇಕ್ ಎಳೆದ್ರೆ ಇದ್ದ ಗಾಳೀನೂ ಹೋಯ್ತು. ಕೈ ಮೇಲೆ ಬಿಡಿ. ತೆರ್ಕೊಳ್ಳೋದು ಅದಕ್ಕೇ ಗೊತ್ತು. ತೆರ್ಕೊಂಡು ಮುಂದಕ್ಕೆ ಧುಮುಕುತ್ತಲ್ಲ, ಆಗ ಮಾತ್ರ ಒಂದು ಗಳಿಗೆ ಹಿಡೀರಿ."

ಇವರ ಫೋನ್.

"ಏನು ಹೇಳ್ಕೊಟ್ರು ಇವತ್ತು?"

"ಬ್ರೇಕ್ ಹಾಕದೆ ಇರೋದು."

"ಡ್ರೈವರಿಗಾ? ಯಾವ ಪುಣ್ಯಾತ್ಮ ಅವನು? ನಾನಂತೂ ನಿನ್ನ ಬಸ್ಸು ಹತ್ತಲ್ಲಪ್ಪ."

ನಕ್ಕರು. ಇವರು ನಗುವುದು ಕೇಳಿ ತುಂಬಾ ದಿನ ಆಗಿತ್ತು.

ಅಕ್ಟೋಬರ್ 14, ಮಂಗಳವಾರ. ಸಂಜೆ

ಬಿದ್ದೆ.

ಆರುನೂರು ಮೀಟರ್ ಎತ್ತರ. ಬಲಗಡೆ ದಾರಗಳನ್ನು ಎಳೆದೆ. ರೆಕ್ಕೆಯ ಬಲ ಅರ್ಧ ಒಣಗಿದ ಎಲೆಯ ಹಾಗೆ ಸುರುಳಿ. "ಕೈ ಮೇಲೆ ಅಮ್ಮ, ಕೈ ಮೇಲೆ!" —ರೇಡಿಯೊದಲ್ಲಿ ಮೇಷ್ಟ್ರು. ಕೇಳಿಸಿತು. ಅರ್ಥವೂ ಆಯಿತು. ಆದರೆ ಎರಡೂ ಕೈ ಆಗಲೇ ಸೊಂಟದ ಹತ್ತಿರ. ಉಳಿದರ್ಧವೂ ಸತ್ತಿತು. ಬೆನ್ನ ಮೇಲೆ ಬೀಳುತ್ತಿದ್ದೇನೆ... ಗುಡ್ಡ, ಆಕಾಶ, ಗುಡ್ಡ. ರಿಸರ್ವ್ ಎಸೆದೆ. ಅದೊಂದು ಸರಿಯಾಗಿ ಮಾಡಿದೆ.

ನೀರೊಳಗೆ ಒಂದು ಕ್ಷಣ ಹಸಿರು ಬೆಳಕು. ಸದ್ದೇ ಇಲ್ಲ. ಇಲ್ಲೇ ಇದ್ದುಬಿಡೋಣ ಅನ್ನಿಸಿತು. ಲೈಫ್ ಜಾಕೆಟ್ ಬಿಡಲಿಲ್ಲ.

ಇವರಿಗೆ ಹೇಳಿದ್ದು— ಊಟ ಚೆನ್ನಾಗಿತ್ತು.

ಅಕ್ಟೋಬರ್ 16, ಗುರುವಾರ. ಸಂಜೆ 5

ನಿನ್ನೆ ಬರೆಯಲಿಲ್ಲ. ಹಾರಲೂ ಇಲ್ಲ. ಕಿವಿಯಲ್ಲಿ ನೀರು ಅಂತ ನೆಪ ಹೇಳಿ ಕಟ್ಟೆಯ ಮೇಲೆ ಕೂತು ಹಲ್ಲಿನ ಡಾಕ್ಟರು ಹಾರುವುದನ್ನು ನೋಡಿದೆ. ಅವರಿಗೆ ಎಲ್ಲ ಸಲೀಸು. ಹೊಟ್ಟೆಕಿಚ್ಚಾಯಿತು. ಹುಲ್ಲಿನ ಮೇಲೆ ನನ್ನ ರೆಕ್ಕೆ ಒಣಗುತ್ತಿತ್ತು. ಹಾಗೇ ತೂಕಡಿಸಿದೆ. ಕನಸಿನಲ್ಲಿ ನನ್ನ ಬಸ್ಸು ನೀರಿನ ಮೇಲೆ ಹೋಗುತ್ತಿತ್ತು, ಚಕ್ರ ಒದ್ದೆಯಾಗದೆ. ಸೀಟೆಲ್ಲ ಖಾಲಿ. ನಾನು ಎಲ್ಲಿ ಕೂತಿದ್ದೆ ಅಂತ ಗೊತ್ತಿಲ್ಲ. ಸ್ಟೇರಿಂಗ್ ಹತ್ತಿರ ಅಲ್ಲ.

ಇವತ್ತು ಬೆಳಗ್ಗೆ ಮೇಷ್ಟ್ರು ಮಂಗಳವಾರದ ವಿಡಿಯೊ ತೋರಿಸಿದರು. ಬಹಳ ನಿಧಾನವಾಗಿ ಓಡಿಸಿ ಒಂದು ಕಡೆ ನಿಲ್ಲಿಸಿದರು. ಬಲಗೈ ದಾರ ಹಿಡಿದಿದೆ ಅಷ್ಟೇ. ರೆಕ್ಕೆ ಇನ್ನೂ ಪೂರ್ತಿ ತುಂಬಿಕೊಂಡಿದೆ. ಎಡಗೈ ಆಗಲೇ ಇಳಿಯುತ್ತಿದೆ.

"ಇದು ಹೆದರಿಕೆ ಅಲ್ಲ ಅಮ್ಮ, ಅಭ್ಯಾಸ. ಹೆದರಿಕೆ ಆದ್ರೆ ಕೈ ಇಷ್ಟು ಬೇಗ ಇಳಿಯಲ್ಲ. ಏನು ಕೆಲ್ಸ ಮಾಡ್ತೀರಿ ನೀವು?"

"ಬಸ್ ಓಡಿಸ್ತೀನಿ."

ಹಣೆ ಚಚ್ಚಿಕೊಂಡರು. "ಮೊದಲನೇ ದಿನಾನೇ ಹೇಳ್ಬಾರ್ದಾ!"

ಹಲ್ಲಿನ ಡಾಕ್ಟರು ಬಿದ್ದು ಬಿದ್ದು ನಕ್ಕರು. ಹತ್ತೊಂಬತ್ತು ವರ್ಷ ಏನೇ ಅಡ್ಡ ಬಂದರೂ— ನಾಯಿ, ಸೈಕಲ್ಲು, ಫೋನ್ ನೋಡುತ್ತಾ ರಸ್ತೆ ದಾಟುವವರು— ಯೋಚಿಸುವ ಮೊದಲೇ ಬ್ರೇಕ್ ಹಾಕಿದವಳು ನಾನು. ಒಂದು ಜೀವಕ್ಕೂ ತೊಂದರೆಯಾಗಿಲ್ಲ. ಆ ಹೆಮ್ಮೆಯೇ ನನ್ನನ್ನು ಬೀಳಿಸುತ್ತಿದೆ.

ಮೇಷ್ಟ್ರ ಔಷಧಿ: ರೆಕ್ಕೆ ಮುದುಡಿದ ತಕ್ಷಣ ನನ್ನ ರೂಟಿನ ಮೂರು ಸ್ಟಾಪ್ ಹೆಸರು ಜೋರಾಗಿ ಕೂಗಬೇಕು. ಮೂರನೆಯದು ಬರುವ ತನಕ ಕೈ ಮೇಲೇ. ಮೈಭಾರ ಮಾತ್ರ ತೆರೆದಿರುವ ಕಡೆಗೆ.

ಹುಚ್ಚು ಅನ್ನಿಸಿತು. ಮೇಲೆ ಹೋದೆ. ಎಳೆದೆ. ಮುದುಡಿತು. "ಆಸ್ಪತ್ರೆ!" ಕೂಗಿದೆ, ಖಾಲಿ ಆಕಾಶಕ್ಕೆ. ಕೈಗಳು ಮೇಲೇ ಇವೆ. "ಹಳೇ ಪೋಸ್ಟಾಫೀಸು!" ಮೆಲ್ಲಗೆ ಒಂದು ಕಡೆ ತಿರುಗುತ್ತಿದ್ದೇನೆ, ನೀರು ಓರೆಯಾಗಿ ತೇಲುತ್ತಿದೆ... ಪಟ್ ಅಂತ ರೆಕ್ಕೆ ತೆರೆದುಕೊಂಡಿತು. ಲೈಬ್ರರಿ ಸ್ಟಾಪ್ ಬಾಯಲ್ಲೇ ಉಳಿಯಿತು.

ಅತ್ತುಬಿಟ್ಟೆ. ಹೆಲ್ಮೆಟ್ಟಿನೊಳಗೆ ಮೂಗು ಒರೆಸಿಕೊಳ್ಳುವುದಕ್ಕೂ ಆಗದೆ ಅತ್ತೆ. ಆಮೇಲೆ ಇನ್ನೂ ಐದು ಸಲ. ಎರಡು ಸಲ ಕೈ ಇಳಿಯಿತು, ಮೂರು ಸಲ ಇಳಿಯಲಿಲ್ಲ.

ಅದೇ ದಿನ, 7.15

ಇವರ ಫೋನ್.

"ಡಿಪೋದವ್ರು ಮಾಡಿದ್ರು. ಶನಿವಾರ ನಿನ್ನ ಪಾಳಿ ಬದಲಾಗಿದ್ಯಂತೆ. ರಜೆಯಲ್ಲಿದ್ದಾರಲ್ಲ, ನೀವೇ ತಿಳಿಸ್ಬಿಡಿ ಅಂದ್ರು."

ನಾನು ಎದ್ದು ಶೆಡ್ಡಿನ ಹೊರಗೆ ಬಂದೆ.

"ಎಲ್ಲಿದ್ದೀಯ?"

ಹೇಳಿದೆ. ಎಲ್ಲವನ್ನೂ. ಸರೋವರ, ಹಗ್ಗ, ಮಂಗಳವಾರ.

"ಮಂಗಳವಾರ ಊಟ ಚೆನ್ನಾಗಿತ್ತು ಅಂದೆ."

"ಚೆನ್ನಾಗಿತ್ತು ರೀ."

ಫೋನ್ ಇಟ್ಟರು.

ಅಕ್ಟೋಬರ್ 17, ಶುಕ್ರವಾರ. ಬೆಳಗ್ಗೆ 10

ಇವರು ಎಂಟು ಗಂಟೆಯ ಬಸ್ಸಿನಿಂದ ಇಳಿದರು. ಕೈಯಲ್ಲಿ ಚೀಲವಿಲ್ಲ, ಅಂಗಡಿಯ ಚಪ್ಪಲಿಯಲ್ಲೇ ಬಂದಿದ್ದಾರೆ. ನನ್ನ ಜೊತೆ ಮಾತಿಲ್ಲ. ನೇರವಾಗಿ ಮೇಷ್ಟ್ರ ಹತ್ತಿರ ಹೋಗಿ, "ಇವಳು ಬಿದ್ದಿದ್ದು ವಿಡಿಯೊ ಇದ್ಯಂತಲ್ಲ, ತೋರಿಸಿ," ಅಂದರು.

ಶೆಡ್ಡಿನ ಬೆಂಚಿನ ಮೇಲೆ ಕೂತು ನಾಲ್ಕು ಸಲ ನೋಡಿದರು. ದಿನವಿಡೀ ಸಣ್ಣ ಅಕ್ಷರ ಓದಿಸುವ ಕಣ್ಣು. ನಾಲ್ಕನೆಯ ಸಲ ಅವರೇ ನಿಲ್ಲಿಸಿದರು.

"ಇಲ್ಲಿ ಯಾರಾದ್ರೂ ಕೂಗಿದ್ರಾ? ಬ್ರೇಕ್ ಹಿಡಿ ಅಂತ?"

"ಇಲ್ಲಪ್ಪ, ನಾನು ಕೈ ಮೇಲೆ ಅಂತಿದ್ದೆ. ಅದೂ ಆಮೇಲೆ," ಅಂದರು ಮೇಷ್ಟ್ರು.

"ಆದ್ರೂ ಇಳೀತು ಕೈ?"

"ಆದ್ರೂ ಇಳೀತು."

ಇವರು ಪರದೆಯನ್ನೇ ನೋಡುತ್ತಾ, ನನ್ನ ಕಡೆ ತಿರುಗದೆ ಹೇಳಿದರು, "ಆವತ್ತು ಗುಡ್ಡದ ಹತ್ರ ನಾನು ಕೂಗಿದ್ದೆ. ರೇಡಿಯೊದಲ್ಲಿ. ಹಿಡಿ, ಬ್ರೇಕ್ ಹಿಡಿ ಅಂತ. ನೀನು ಹಿಡಿದೆ. ಬಿದ್ದೆ."

ಹನ್ನೊಂದು ತಿಂಗಳು. ಒಂದೇ ಮನೆ, ಒಂದೇ ಮಂಚ. ಇದನ್ನು ಒಳಗಿಟ್ಟುಕೊಂಡು ನನ್ನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದರು.

"ನನಗೆ ಕೇಳಿಸಿರಲೇ ಇಲ್ಲ ರೀ," ಅಂದೆ. ನಿಜವೇ. ಆ ದಿನದ್ದು ನೆನಪಿರುವುದು ಮರದ ಎಲೆಗಳು ಮಾತ್ರ.

"ಬೇಡ ಅನ್ನಿ, ಇಲ್ಲಿಗೇ ನಿಲ್ಲಿಸ್ತೀನಿ," ಅಂತಲೂ ಅಂದೆ.

"ಆಸ್ಪತ್ರೇಲಿ ಬೇಡ ಅಂದಿದ್ದು ನಿನಗಲ್ಲ ಕಣೇ. ನನ್ನ ಬಾಯಿಗೆ."

ಮೇಷ್ಟ್ರು ಕೆಮ್ಮಿದರು. ಹಲ್ಲಿನ ಡಾಕ್ಟರು ಮೊದಲ ಸಲ ನೆಲ ನೋಡಿದರು.

ಮಧ್ಯಾಹ್ನ 2.30

ಕೊನೆಯ ಹಾರಾಟ. ಪೂರ್ತಿ ವೇಗದಲ್ಲಿದ್ದಾಗ ಅರ್ಧಕ್ಕಿಂತ ಹೆಚ್ಚು ಮುದುಡಿಸಬೇಕು. ಈ ವಾರದಲ್ಲೇ ದೊಡ್ಡದು.

ಮೇಷ್ಟ್ರು ಇವರಿಗೂ ಒಂದು ರೇಡಿಯೊ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡರು. "ಗುಂಡಿ ಒತ್ಬೇಡಿ. ಕೇಳಿಸ್ಕೊಳ್ತಿರಿ ಸಾಕು." ಇವರು ಅದನ್ನು ಕಾದ ಪಾತ್ರೆ ಹಿಡಿದ ಹಾಗೆ ಹಿಡಿದರು.

ಮೇಲೆ ತಣ್ಣಗಿತ್ತು. ಕಟ್ಟೆಯ ಮೇಲೆ ಎರಡು ಚುಕ್ಕೆ. ಒಂದು ನನ್ನದು. ದಾರ ಎಳೆದೆ.

ಇಡೀ ಆಕಾಶ ಒಂದು ಕಡೆ ಜಾರಿತು. ವೇಗಕ್ಕೆಂದು ಒತ್ತಿ ಹಿಡಿದಿದ್ದ ಕಾಲು ಸಡಿಲ ಬಿಟ್ಟೆ. ಸ್ಟಾಪುಗಳ ಹೆಸರು ಬರಲಿಲ್ಲ. ಒಂದೂ ಬರಲಿಲ್ಲ. ರೇಡಿಯೊದಲ್ಲಿ ಸದ್ದಿಲ್ಲ. ಎಂಥ ಮೌನ ಅದು— ಇಬ್ಬರು ಗಂಡಸರು ಬಾಯಿ ಕಟ್ಟಿಕೊಂಡು ನಿಂತ ಮೌನ. ಆ ಮೌನದಲ್ಲಿ, ಬೀಳುತ್ತಾ, ಒಂದು ಧ್ವನಿ ನೆನಪಾಯಿತು. ಈಗಿನದಲ್ಲ. ನವೆಂಬರಿನದು. "ಹಿಡಿ! ಬ್ರೇಕ್ ಹಿಡಿ!" ಇವರ ಧ್ವನಿ, ಒಡೆದ ಧ್ವನಿ. ಕೇಳಿಸಿತ್ತು ನನಗೆ. ಸ್ಪಷ್ಟವಾಗಿ ಕೇಳಿಸಿತ್ತು.

ಮತ್ತೆ ಆ ದಿನದ ಕೈಗಳೂ ಕಂಡವು. ಧ್ವನಿ ಬರುವಾಗ ಆಗಲೇ ಸೊಂಟದ ಹತ್ತಿರ ಇದ್ದವು.

ಇವತ್ತು ಕೈ ಮೇಲೇ ಇದ್ದವು. ರೆಕ್ಕೆ ಉಸಿರು ತುಂಬಿಕೊಂಡು ತೆರೆಯಿತು, ಮುಂದಕ್ಕೆ ಧುಮುಕಿತು, ಒಂದು ಗಳಿಗೆ ಹಿಡಿದೆ, ಬಿಟ್ಟೆ. ಆಮೇಲೆ ಎಲ್ಲ ನಿಧಾನ. ನನ್ನ ನೆರಳು ನೀರಿನ ಮೇಲೆ ಮೆಲ್ಲಗೆ ದಡಕ್ಕೆ ಬರುತ್ತಿತ್ತು, ನಾನು ಅದರ ಹಿಂದೆ.

ಇಳಿದಾಗ ಇವರ ಎಡ ಅಂಗೈ ಮೇಲೆ ಹಲ್ಲಿನ ಗುರುತು. ಆಳವಾಗಿ, ಕೆಂಪಗೆ. ಕೂಗದಿರಲು ಕಚ್ಚಿಕೊಂಡಿದ್ದರು. ಹಲ್ಲಿನ ಡಾಕ್ಟರು ಕೈ ಹಿಡಿದು ತಿರುಗಿಸಿ ನೋಡಿ, "ಮೇಲಿನ ಸಾಲು ಚೆನ್ನಾಗಿದೆ. ಕೆಳಗಡೆ ಒಂದು ಸ್ವಲ್ಪ ಸೊಟ್ಟ, ಬಂದು ತೋರಿಸಿ," ಅಂದರು.

ಸಂಜೆ 6.05, ಬಸ್ಸಿನಲ್ಲಿ

ಹಿಂದಿನಿಂದ ಮೂರನೇ ಸೀಟು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂರುವುದು ಎಷ್ಟು ವಿಚಿತ್ರ. ಡ್ರೈವರು ತಿರುವಿಗೆ ಬಂದಾಗಲೆಲ್ಲ ನನ್ನ ಬಲಗಾಲು ಒತ್ತುತ್ತದೆ. ಇವರು ನೋಡಿ ನೋಡಿ ನಕ್ಕರು. ಕಿಟಕಿಯಾಚೆ ಗುಡ್ಡಗಳು ನೀಲಿಯಾಗುತ್ತಿವೆ. ನಿದ್ದೆಯಲ್ಲಿದ್ದ ಹಾಗಿದೆ, ಆದರೆ ಎಚ್ಚರ.

ಈಗಷ್ಟೇ ಕೇಳಿದರು. ಮೆಲ್ಲಗೆ, ಮುಂದಿನ ಸೀಟಿನ ಬೆನ್ನು ನೋಡುತ್ತಾ—

"ಆವತ್ತು ನಿಜವಾಗ್ಲೂ ಕೇಳಿಸಿರಲಿಲ್ವಾ?"

ಇಲ್ಲ ಅನ್ನುವುದು ಎಷ್ಟು ಸುಲಭ. ಬೆಳಗ್ಗೆ ಅಂದಾಗಿದೆ, ಇನ್ನೊಮ್ಮೆ ಅಂದರೆ ಮುಗಿಯಿತು. ಆದರೆ ಈ ವಾರಕ್ಕೆ ಆಗುವಷ್ಟು ಸುಳ್ಳು ಹೇಳಿಯಾಗಿದೆ.

"ಕೇಳಿಸಿತ್ತು ರೀ. ಇವತ್ತು ಮೇಲೆ ಇದ್ದಾಗ ನೆನಪಾಯ್ತು. ಆದ್ರೆ ನಿಮ್ಮ ಮಾತು ಬರೋ ಹೊತ್ತಿಗೆ ನನ್ನ ಕೈ ಇಳಿದಾಗಿತ್ತು. ವಿಡಿಯೊದಲ್ಲಿ ನೋಡಿದ್ರಲ್ಲ, ಹಾಗೇನೇ."

ಒಂದು ತಿರುವು, ಎರಡು ತಿರುವು. ನಂಬಿದರೋ ಇಲ್ಲವೋ. ಮೂರನೆಯ ತಿರುವಿನಲ್ಲಿ ಆ ಕಚ್ಚಿದ ಕೈಯನ್ನು ತಂದು ನನ್ನ ಎಡಗೈಯೊಳಗೆ ಇಟ್ಟರು. ತೆಗೆಯುತ್ತಲೇ ಇಲ್ಲ. ಹಾಗಾಗಿ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಪುಸ್ತಕ ತೊಡೆಯ ಮೇಲೆ ಜಾರುತ್ತಿದೆ, ಹಿಡಿದುಕೊಳ್ಳೋಣ ಅಂದರೆ ಇವರ ಕೈ ಬಿಡಬೇಕು, ಅಕ್ಷರ ಎಲ್ಲ ಸೊಟ್ಟ—