ಆರು ಬಾಯಿ, ಒಂದು ವಾಕ್ಯ

ಮಾರ್ಚ್ ೧೨, ಗುರುವಾರ

ಅದೊಂದು ವಾಕ್ಯ ಬೆಳಗಿನಿಂದ ತಲೆ ತಿನ್ನುತ್ತಿದೆ. ನಾನು ಬರೆದುಕೊಡಬೇಕಾದ ಪೊಲೀಸ್ ನೇಮಕಾತಿಯ ಜಾಹೀರಾತಿನಲ್ಲಿ ಪೊಲೀಸರ ಸ್ವಂತ ಮಾತೇ ಇರಲಿ ಎಂದು ಹಟ ಹಿಡಿದವಳು ನಾನು. ಹಾಗಾಗಿ ಇವತ್ತು ಸ್ಟೇಷನ್ನಿನ ಊಟದ ಕೋಣೆಯಲ್ಲಿ ಆರು ಕಾನ್‌ಸ್ಟೇಬಲ್‌ಗಳನ್ನು ಒಬ್ಬೊಬ್ಬರನ್ನೇ ಕೂರಿಸಿ, ಈ ಕೆಲಸಕ್ಕೆ ಯಾಕೆ ಸೇರಿದಿರಿ ಎಂದು ಕೇಳಿದೆ.

"ಭಯದಲ್ಲಿರೋರಿಗೆ ಮೊದಲು ಕಾಣೋ ಮುಖ ನಂದಾಗಿರ್ಲಿ ಅಂತ," ಎಂದ ಮೊದಲನೆಯವನು. ಎಷ್ಟು ಚೆನ್ನಾಗಿದೆ ಅನ್ನಿಸಿತು. ಎರಡನೆಯವಳೂ ಅದನ್ನೇ ಹೇಳಿದಳು. ಆರನೆಯವನಂತೂ ಗಿಣಿಪಾಠ ಒಪ್ಪಿಸಿ, ಬಾಗಿಲ ಕಡೆ ನೋಡಿ, "ಸರಿಯಾಗಿ ಬಂತಾ ಮೇಡಂ?" ಎಂದ. ಬಾಗಿಲಾಚೆ ನೇಮಕಾತಿ ನೋಡಿಕೊಳ್ಳುವ ಸಾಹೇಬರ ಬೂಟು ಕಾಣುತ್ತಿತ್ತು.

ಮನೆಗೆ ಬಂದು ಹಳೆಯ ಕಾಗದ ತೆಗೆದು ನೋಡಿದೆ. ಹೋದ ವಾರ ಮಾದರಿಗೆಂದು ನಾನು ಸಾಹೇಬರಿಗೆ ಬರೆದು ಕಳಿಸಿದ ಇಪ್ಪತ್ತು ವಾಕ್ಯಗಳಲ್ಲಿ ಅದೂ ಒಂದು. ಹಾಗಾದರೆ ಆ ಆರು ಜನ ನಿಜವಾಗಿ ಯಾಕೆ ಸೇರಿದರು? ಬಾಯಿಬಿಟ್ಟು ಹೇಳಬಾರದಂಥದ್ದು ಅಲ್ಲೇನಿದೆ?

ಊಟವಾದ ಮೇಲೆ ತಂಗಿ ಅದೇ ನೇಮಕಾತಿಯ ಅರ್ಜಿ ಹಿಡಿದು ಬಂದಳು. "ಅಕ್ಕಾ, ಸಹಿ ಒಂದು ಬಾಕಿ. ನಿನ್ ಪೆನ್ನು ಕೊಡೇ."

ಎಲ್ಲೋ ಬಿದ್ದುಹೋಗಿದೆ, ನಾಳೆ ನೋಡೋಣ ಎಂದೆ.

ಅದೇ ಪೆನ್ನಿನಲ್ಲಿ ಇದನ್ನು ಬರೆಯುತ್ತಿದ್ದೇನೆ.